ಒಳಗೆ ಜಾಗವಿಲ್ಲದ ಮಂಜುಶ್ರೀ

ನಾನು ಚಿಕ್ಕವಳಿದ್ದಾಗ ಲಗ್ಗೆರೆಯಲ್ಲಿ ನಮ್ಮ ಮನೆ ಎಲ್ಲಿದೆ ಎಂದು ಯಾರೂ ವಿಚಾರಿಸಬೇಕಾಗಿರಲಿಲ್ಲ. ರಾಗಿ ಹೊಲದ ಬದುವಿನ ಮೇಲೆ ನಿಂತು, ಹೊಗೆ ಯಾವ ಕಡೆ ಏಳುತ್ತಿದೆ ಎಂದು ನೋಡಿಕೊಂಡು ಬಂದರೆ ಸಾಕಿತ್ತು. ಅದು ಅಮ್ಮನ ಒಲೆಯ ಹೊಗೆಯಲ್ಲ, ಅಪ್ಪನ ಕುಲುಮೆಯದು. ಅಪ್ಪ ಕಂಚಿನ ವಿಗ್ರಹಗಳನ್ನು ಎರಕ ಹೊಯ್ಯುತ್ತಿದ್ದರು. ಮನೆಗೆ ಅಂಟಿಕೊಂಡೇ ಒಂದು ತಗಡಿನ ಷೆಡ್ಡಿತ್ತು. ಅದರೊಳಗೆ ಕಾಲಿಟ್ಟರೆ ಜೇನುಮೇಣ, ರಾಳ, ಇದ್ದಿಲು, ಹಸಿ ಜೇಡಿಮಣ್ಣು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯುತ್ತಿತ್ತು. ನನ್ನ ಲಂಗಕ್ಕೂ ಜಡೆಗೂ ಅದೇ ವಾಸನೆ. ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಮೂಗು ಮುಚ್ಚಿಕೊಂಡರೆ ನಾನು ಅವಳ ಜಡೆ ಎಳೆದು ಓಡುತ್ತಿದ್ದೆ. ಈಗಲೂ ಯಾರಾದರೂ ಯಾವುದಕ್ಕಾದರೂ ಮೂಗು ಮುಚ್ಚಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಎರಕ ಹೊಯ್ಯುವುದೆಂದರೆ ಏನೆಂದು ನಿಮಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಮೊದಲು ವಿಗ್ರಹವನ್ನು ಮೇಣದಲ್ಲಿ ಮಾಡುತ್ತಿದ್ದರು. ಆ ಕೆಲಸ ಅಕ್ಕನದು. ಅವಳಿಗೆ ಹದಿನಾರೋ ಹದಿನೇಳೋ ಇರಬೇಕು. ಮಾತು ಕಡಿಮೆ, ಹಟ ಜಾಸ್ತಿ. ಅವಳ ಹೆಬ್ಬೆರಳು ಒಮ್ಮೆ ಒತ್ತಿದರೆ ಮೇಣದ ಮುಖಕ್ಕೆ ನಗು ಬರುತ್ತಿತ್ತು. ಆಮೇಲೆ ಅಪ್ಪ ಆ ಮೇಣದ ಮೇಲೆ ಜೇಡಿಮಣ್ಣನ್ನು ಪದರ ಪದರವಾಗಿ ಮೆತ್ತಿ, ಒಣಗಿಸಿ, ಬೆಂಕಿಗೆ ಇಡುತ್ತಿದ್ದರು. ಮೇಣ ಕರಗಿ ಹೊರಗೆ ಹರಿಯುತ್ತಿತ್ತು. ಅದು ಬಿಟ್ಟುಹೋದ ಜಾಗಕ್ಕೆ ಕರಗಿದ ಕಂಚು ಇಳಿಯುತ್ತಿತ್ತು. ತಣ್ಣಗಾದ ಮೇಲೆ ಮಣ್ಣು ಒಡೆದರೆ ಒಳಗೆ ದೇವರು. ಒಂದು ಅಚ್ಚಿಗೆ ಒಂದೇ ವಿಗ್ರಹ. ಕೆಟ್ಟರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ಒಮ್ಮೆ ಚಳಿಗಾಲದಲ್ಲಿ ಒಬ್ಬ ಟಿಬೆಟನ್ ಹೆಂಗಸು ನಮ್ಮ ಷೆಡ್ಡು ಹುಡುಕಿಕೊಂಡು ಬಂದರು. ಊರು ಬಿಟ್ಟು ಹಿಮದ ಬೆಟ್ಟಗಳನ್ನು ನಡೆದು ದಾಟಿ ಬಂದವರು. ಬೈಲುಕುಪ್ಪೆಯಲ್ಲಿ ನೆಲೆ ನಿಂತು, ಚಳಿಗಾಲಕ್ಕೆ ಮಾತ್ರ ಬೆಂಗಳೂರಿಗೆ ಬಂದು ಉಣ್ಣೆಯ ಸ್ವೆಟರ್ ಮಾರುತ್ತಿದ್ದರು. ಅಕ್ಕ ಅವರಿಗೆ ಸ್ವೆಟರ್ ಅಮ್ಮ ಎಂದು ಹೆಸರಿಟ್ಟಳು. ಬೈಲುಕುಪ್ಪೆಯ ಹೊಲಗಳಲ್ಲಿ ದುಡಿಯುತ್ತಾ ಕಲಿತ ಅವರ ಕನ್ನಡ ಅಲ್ಲಲ್ಲಿ ತಡವರಿಸುತ್ತಿತ್ತು, ಆದರೆ ಹೇಳಬೇಕಾದ್ದನ್ನು ಹೇಳಿಯೇ ತೀರುತ್ತಿತ್ತು. ಅವರು ಒಂದು ಮಾಸಿದ ಚಿತ್ರ ತೋರಿಸಿದರು. ತಾವರೆಯ ಮೇಲೆ ಕುಳಿತ ಒಬ್ಬ ಚೆಂದದ ಯುವಕ. ಮೇಲೆತ್ತಿದ ಬಲಗೈಯಲ್ಲಿ ಕತ್ತಿ. ಎಡ ಭುಜದ ಪಕ್ಕ ಅರಳಿದ ಹೂವು, ಹೂವಿನ ಮೇಲೊಂದು ಪುಸ್ತಕ. ಅದು ಮಂಜುಶ್ರೀ, ಬೌದ್ಧರ ಜ್ಞಾನದ ದೇವರು. ಮನೆಯ ದೇವರ ಗೂಡಿನಲ್ಲಿಟ್ಟು ದಿನಾ ಬೆಳಿಗ್ಗೆ ಅದರ ಮುಂದೆ ಧ್ಯಾನಕ್ಕೆ ಕೂರಲು ಅವರಿಗೆ ಒಂದೂವರೆ ಗೇಣಿನ ವಿಗ್ರಹ ಬೇಕಿತ್ತು.

ಕತ್ತಿ ಯಾಕೆ, ಇವನು ಯಾರನ್ನು ಕೊಲ್ಲುತ್ತಾನೆ ಎಂದು ನಾನು ಕೇಳಿದ್ದೆ. ಅಪ್ಪ ಕಣ್ಣು ಬಿಟ್ಟರು. ಸ್ವೆಟರ್ ಅಮ್ಮ ಮಾತ್ರ ನಕ್ಕು, "ಜನ ಅಲ್ಲ. ಗೊತ್ತಿಲ್ಲ ಅನ್ನೋದು ಇದೆಯಲ್ಲ, ಅದು ಕಡಿಯೋಕೆ" ಎಂದರು. ತಮ್ಮ ಊರಿನ ಮಕ್ಕಳು ಪಾಠ ಮರೆಯದಿರಲೆಂದು ಒಂದೇ ಉಸಿರಿನಲ್ಲಿ 'ಧೀ ಧೀ ಧೀ' ಎಂದು ಇವನ ಮಂತ್ರ ಹೇಳುತ್ತಾರೆಂದು ಕಲಿಸಿಕೊಟ್ಟರು. ನಾನು ಮಗ್ಗಿ ಪರೀಕ್ಷೆಯ ದಿನ ಉಸಿರು ಕಟ್ಟಿ ಹೇಳಿಕೊಂಡು ಹೋದೆ. ಹದಿಮೂರರ ಮಗ್ಗಿ ಆಗಲೂ ಬರಲಿಲ್ಲ, ಅದು ದೇವರ ತಪ್ಪಲ್ಲ ಬಿಡಿ.

ಅಪ್ಪ ಆ ವಿಗ್ರಹಕ್ಕೆ ಜೀವ ತೇದರು. ಅಷ್ಟು ದೂರದಿಂದ ಎಲ್ಲ ಕಳೆದುಕೊಂಡು ಬಂದ ಹೆಂಗಸು ದೇವರೊಬ್ಬನನ್ನು ಕೇಳುತ್ತಿದ್ದಾರೆ, ಅದರಲ್ಲಿ ಒಂದಿಷ್ಟೂ ಕೊರತೆ ಇರಬಾರದು ಎನ್ನುತ್ತಿದ್ದರು. ಕಂಚು ಕಡಿಮೆ ಬಿದ್ದೀತೆಂದು ತಾವು ಊಟ ಮಾಡುತ್ತಿದ್ದ ಕಂಚಿನ ತಟ್ಟೆಯನ್ನೇ ಲೋಹ ಕರಗಿಸುವ ಮೂಸೆಗೆ ಹಾಕಿದರು. ಅವತ್ತಿನಿಂದ ಅವರಿಗೆ ಅಲ್ಯೂಮಿನಿಯಂ ತಟ್ಟೆ. ಅಮ್ಮ ಗೊಣಗಿದರೂ ತಡೆಯಲಿಲ್ಲ.

ಈಗ ವಿಗ್ರಹ ಒಪ್ಪಿಸಬೇಕಿದ್ದ ದಿನಕ್ಕೆ ಬರುತ್ತೇನೆ. ಅವತ್ತು ಬೆಳಿಗ್ಗೆ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಸ್ವೆಟರ್ ಅಮ್ಮ ಬಿಸಿಲು ಏರುವ ಮೊದಲೇ ಬಂದರು. ಸೊಂಟಕ್ಕೆ ಬಣ್ಣಬಣ್ಣದ ಗೆರೆಯ ವಸ್ತ್ರ ಕಟ್ಟಿದ್ದರು. ಕೊರಳಲ್ಲಿ ಎಂದಿನಂತೆ ಹಳದಿ ಬಟ್ಟೆಯ ಒಂದು ಉದ್ದನೆಯ ಚೀಲ ನೇತಾಡುತ್ತಿತ್ತು. ಅಪ್ಪ ಮಣೆಯ ಮೇಲೆ ವಿಗ್ರಹವಿಟ್ಟು ಬಿಳಿ ಪಂಚೆ ಹೊದಿಸಿದ್ದರು. ಪಂಚೆ ಸರಿಸಿದಾಗ ತಗಡಿನ ಸಂದಿಯಿಂದ ಬಂದ ಬಿಸಿಲು ಮಂಜುಶ್ರೀಯ ಕೆನ್ನೆಯ ಮೇಲೆ ಬಿತ್ತು. ಅಕ್ಕ ಅವನ ತಲೆಯನ್ನು ಪುಸ್ತಕದ ಕಡೆಗೆ ಸ್ವಲ್ಪವೇ ಸ್ವಲ್ಪ ವಾಲಿಸಿದ್ದಳು. ಓದುತ್ತಾ ಓದುತ್ತಾ ಯಾರೋ ಕರೆದರೆಂದು ಕೇಳಿಸಿಕೊಂಡ ಹಾಗಿತ್ತು.

ಸ್ವೆಟರ್ ಅಮ್ಮ ಹಣೆ ನೆಲಕ್ಕೆ ತಾಗಿಸಿ ಅಡ್ಡಬಿದ್ದರು. ಎದ್ದು ವಿಗ್ರಹವನ್ನು ಎತ್ತಿಕೊಳ್ಳಲು ಹೋದವರು ಭಾರಕ್ಕೆ ಮುಗ್ಗರಿಸಿದರು. ಅವರ ಮುಖದ ನಗು ನಿಂತುಹೋಯಿತು. ಮಣೆಯ ಮೇಲೆಯೇ ಅದನ್ನು ಮಲಗಿಸಿ, ಪೀಠದ ಅಡಿ ನೋಡಿದರು. ಬೆರಳಿನ ಗೆಣ್ಣಿನಿಂದ ತಟ್ಟಿದರು. ಮತ್ತೆ ತಟ್ಟಿ ಕಿವಿಯಿಟ್ಟು ಆಲಿಸಿದರು.

ಅಪ್ಪನಿಗೆ ಹೆಮ್ಮೆ ತಡೆಯಲಾಗಲಿಲ್ಲ. "ಅನುಮಾನ ಬೇಡಮ್ಮ. ಒಳಗೆ ಒಂದು ಗುಳ್ಳೇನೂ ಇಲ್ಲ. ಪೂರ್ತಿ ಗಟ್ಟಿ ಕಂಚು" ಎಂದರು.

"ಒಳಗೆ ಜಾಗ ಎಲ್ಲಿ?" ಎಂದು ಸ್ವೆಟರ್ ಅಮ್ಮ ಕೇಳಿದರು.

ಅಪ್ಪನಿಗೆ ಪ್ರಶ್ನೆಯೇ ತಲೆಗೆ ಹತ್ತಲಿಲ್ಲ. ಆಗ ಸ್ವೆಟರ್ ಅಮ್ಮ ಕೊರಳಿನ ಚೀಲ ತೆಗೆದು ಮಣೆಯ ಮೇಲೆ ಬಿಚ್ಚಿದರು. ಒಳಗೆ ಗೇಣಿಗಿಂತ ಉದ್ದದ, ಸಣ್ಣನೆಯ ಒಂದು ಮರದ ಕಡ್ಡಿ ಇತ್ತು. ಮಂತ್ರ ಬರೆದು ನೂಲು ಸುತ್ತಿದ ಪುಟ್ಟ ಪುಟ್ಟ ಕಾಗದದ ಸುರುಳಿಗಳು, ಒಂದಷ್ಟು ಬಾರ್ಲಿ ಕಾಳು, ಒಂದು ಗಂಟು. ಗಂಟಿನಲ್ಲಿ ಬೂದು ಬಣ್ಣದ ಮಣ್ಣು. ಇವೆಲ್ಲ ಊರಿನಲ್ಲಿದ್ದಾಗ ಅವರ ಮನೆಯ ಮಣ್ಣಿನ ಮಂಜುಶ್ರೀಯ ಹೊಟ್ಟೆಯಲ್ಲಿದ್ದವಂತೆ. ಆ ವಿಗ್ರಹವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ದಾಟಿದ್ದರಂತೆ. ಬೈಲುಕುಪ್ಪೆಯ ಮೊದಲ ಮಳೆಗಾಲದಲ್ಲಿ ಗುಡಾರ ಸೋರಿ ವಿಗ್ರಹ ಕರಗಿಹೋಗಿ, ಒಳಗಿನದಷ್ಟೇ ಉಳಿಯಿತು. ಅವರು ಆ ಗಂಟನ್ನು ಬೆರಳಿನಿಂದ ಮುಟ್ಟಿ, "ಇದು ನಮ್ಮ ಊರು. ಇದಕ್ಕೆ ಮನೆ ಇಲ್ಲ" ಎಂದರು.

ಅಪ್ಪ ಮಣೆಯ ಪಕ್ಕ ಕುಸಿದು ಕುಳಿತರು. ಇಲ್ಲಿ ಯಾರದೂ ಮೋಸವಿರಲಿಲ್ಲ. ನಮ್ಮ ಕಡೆ ಎರಕದವರಿಗೆ ಪೊಳ್ಳು ವಿಗ್ರಹ ಎಂದರೆ ಬೈಗುಳ. ಕಂಚು ಉಳಿಸಲು ಒಳಗೆ ಟೊಳ್ಳು ಬಿಟ್ಟ ಕಳ್ಳ ಎಂದು ಅರ್ಥ. ನಮ್ಮ ಗುಡಿಗಳಲ್ಲಿ ರತ್ನ, ಮಂತ್ರ ಕೆತ್ತಿದ ಯಂತ್ರದ ತಗಡು ಏನೇ ಇಡುವುದಿದ್ದರೂ ವಿಗ್ರಹದ ಕೆಳಗೆ, ಪೀಠದ ಗುಳಿಯಲ್ಲಿ ಇಡುತ್ತಾರೆ. ಅವರಲ್ಲಿ ಎಲ್ಲವೂ ವಿಗ್ರಹದ ಒಳಗೆ ಹೋಗಬೇಕು. ಒಳಗೆ ಏನೂ ತುಂಬದ ವಿಗ್ರಹ ಅವರಿಗೆ ಬರಿಯ ಬೊಂಬೆ, ಅದರ ಮುಂದೆ ಅವರು ಕಣ್ಣು ಮುಚ್ಚಿ ಕೂರುವುದಿಲ್ಲ. ದೇವರನ್ನು ಗಟ್ಟಿಯಾಗಿ ಹೊಯ್ಯುವವರೂ ಇರುತ್ತಾರೆಂದು ಸ್ವೆಟರ್ ಅಮ್ಮನಿಗೆ ಹೊಳೆದಿರಲಿಲ್ಲ, ಟೊಳ್ಳು ಬೇಕೆನ್ನುವವರೂ ಇರುತ್ತಾರೆಂದು ಅಪ್ಪನಿಗೆ ಹೊಳೆದಿರಲಿಲ್ಲ. ಹಾಗಾಗಿ ಒಬ್ಬರು ಹೇಳಲಿಲ್ಲ, ಇನ್ನೊಬ್ಬರು ಕೇಳಲಿಲ್ಲ.

"ಹೊಸದು ಮಾಡಿಕೊಡ್ತೀನಮ್ಮ. ಒಂದು ತಿಂಗಳು ಕೊಡಿ" ಎಂದರು ಅಪ್ಪ.

ಸ್ವೆಟರ್ ಅಮ್ಮ ಆಗದೆಂದು ತಲೆಯಾಡಿಸಿದರು. ಅವರ ಊರಿನ ವಯಸ್ಸಾದ ಗುರುಗಳೊಬ್ಬರು ರಾಜಾಜಿನಗರದಲ್ಲಿ ಒಬ್ಬ ಟಿಬೆಟನ್ ಕುಟುಂಬದ ಮನೆಗೆ ಬಂದಿದ್ದರು. ಮೊದಲಿನ ಮಣ್ಣಿನ ವಿಗ್ರಹಕ್ಕೆ ಇವನ್ನೆಲ್ಲ ತುಂಬಿ ಮಂತ್ರ ಹೇಳಿದವರು ಅವರೇ. ಆ ಊರಿನ ಕಡೆಯವರಲ್ಲಿ ಉಳಿದಿದ್ದ ಗುರು ಅವರೊಬ್ಬರೇ. ಅವತ್ತೇ ಸಂಜೆಯ ರೈಲಿಗೆ ಉತ್ತರಕ್ಕೆ ಹೊರಟರೆ ಇನ್ನು ಈ ಕಡೆ ಬರುವ ಶಕ್ತಿ ಅವರಿಗಿರಲಿಲ್ಲ. ಹಾಗೆಂದು ಹೇಳುವಾಗ ಸ್ವೆಟರ್ ಅಮ್ಮ ಅಳಲಿಲ್ಲ. ಕಾಳುಗಳನ್ನು ಒಂದೊಂದಾಗಿ ಆಯ್ದು ಮತ್ತೆ ಚೀಲಕ್ಕೆ ಹಾಕುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿ ಎನಿಸಿತು.

ಆಗ ಬಾಗಿಲ ಬಳಿ ನಿಂತಿದ್ದ ಅಕ್ಕ, "ಕೊರೀಬೋದಲ್ಲಪ್ಪ" ಎಂದಳು.

ಅಪ್ಪ ಮೊದಲು ಕೇಳಿಸಲಿಲ್ಲವೆಂಬಂತೆ ಇದ್ದರು. ಅವಳು ಮತ್ತೆ ಹೇಳಿದಾಗ ಸಿಡಿದರು. "ದೇವರ ಹೊಟ್ಟೆಗೆ ಡ್ರಿಲ್ ಹಾಕು ಅಂತೀಯಾ? ಬುದ್ಧಿ ನೆಟ್ಟಗಿದೆಯಾ ನಿಂಗೆ?"

"ಕಣ್ಣು ಇನ್ನೂ ತೆಗೆದಿಲ್ಲ ಅಲ್ವಾ" ಎಂದಳು ಅಕ್ಕ, ದನಿ ಏರಿಸದೆ.

ನಮ್ಮವರಲ್ಲಿ ವಿಗ್ರಹದ ಕಣ್ಣಿನ ಗೆರೆಯನ್ನು ಎಲ್ಲಕ್ಕಿಂತ ಕೊನೆಗೆ ಕೊರೆಯುತ್ತಾರೆ. ಕಣ್ಣು ತೆಗೆದ ಮೇಲೆ ಅದು ದೇವರು, ಅದರ ಮೇಲೆ ಉಳಿ ಆಡಿಸುವ ಹಾಗಿಲ್ಲ. ಅಲ್ಲಿಯವರೆಗೆ ಅದು ಲೋಹ. ಈ ವಿಗ್ರಹಕ್ಕೆ ಗುರುಗಳೇ ಬಣ್ಣದಿಂದ ಕಣ್ಣು ಬರೆಯುತ್ತಾರೆ ಎಂದು ಸ್ವೆಟರ್ ಅಮ್ಮ ಮೊದಲೇ ಹೇಳಿದ್ದರಿಂದ ಅಪ್ಪ ಹಾಗೇ ಬಿಟ್ಟಿದ್ದರು. ಅಪ್ಪ ವಿಗ್ರಹದ ಖಾಲಿ ಕಣ್ಣುಗಳನ್ನು ಎಷ್ಟೋ ಹೊತ್ತು ನೋಡಿದರು. ಕೊನೆಗೆ ಅವರು ಎದ್ದು, ಬೇರೆಯಾಗಿ ಎರಕ ಹೊಯ್ದು ಸಿಕ್ಕಿಸಿದ್ದ ಕತ್ತಿಯನ್ನು ಕೈಯಿಂದ ಬಿಡಿಸಿ ಅಕ್ಕನಿಗೆ ಕೊಟ್ಟರು. ವಿಗ್ರಹವನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದರು.

ಪೀಣ್ಯದ ಕಡೆ ಹೋಗುವ ದಾರಿ ಆಗ ಹೊಲಗಳ ನಡುವಿನ ಗಾಡಿ ಜಾಡು. ಅಪ್ಪ ಸೈಕಲ್ ತಳ್ಳಿದರು. ಅಕ್ಕ ಒಂದು ಕಡೆ, ಸ್ವೆಟರ್ ಅಮ್ಮ ಇನ್ನೊಂದು ಕಡೆ ವಿಗ್ರಹಕ್ಕೆ ಕೈ ಕೊಟ್ಟು ನಡೆದರು. ನಾನು ಮುಂದೆ ಓಡುತ್ತಾ ಕಲ್ಲುಗಳನ್ನು ಕಾಲಿನಿಂದ ಸರಿಸುತ್ತಿದ್ದೆ. ಇಬ್ಬನಿಗೆ ತೊಯ್ದ ಹುಲ್ಲು ಕಾಲಿಗೆ ತಣ್ಣಗೆ ತಾಗುತ್ತಿತ್ತು.

ಅಲ್ಲಿ ಅಪ್ಪನ ಸ್ನೇಹಿತರೊಬ್ಬರ ಡ್ರಿಲ್ಲಿಂಗ್ ಷೆಡ್ಡಿತ್ತು. ನಾವು ಅವರನ್ನು ಮಷೀನ್ ಮಾಮ ಎನ್ನುತ್ತಿದ್ದೆವು. ಕಬ್ಬಿಣದ ಹಲಗೆಗಳಿಗೆ ತೂತು ಹಾಕುವುದು ಅವರ ಕೆಲಸ. ವಿಷಯ ಕೇಳಿ ಅವರು ಒಂದು ಕ್ಷಣ ತಲೆ ಕೆರೆದುಕೊಂಡರು. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಬಂದು, ಮಷೀನಿನ ಎಣ್ಣೆಯನ್ನೆಲ್ಲ ಒರೆಸಿದರು.

"ಮಧ್ಯಾಹ್ನಕ್ಕೆ ಕರೆಂಟ್ ಹೋಗತ್ತೆ ಕಣಣ್ಣ. ಹೋದ್ರೆ ಕತ್ತಲಾಗೋ ತನಕ ಬರಲ್ಲ. ಮಾಡೋದಾದ್ರೆ ಈಗಲೇ" ಎಂದರು.

ಮಂಜುಶ್ರೀಯನ್ನು ತಲೆಕೆಳಗು ಮಾಡಿ, ಗೋಣಿ ಮೆತ್ತೆಯಿಟ್ಟು, ತಾವರೆ ಪೀಠವನ್ನು ಮಷೀನಿನ ಇಕ್ಕಳದಲ್ಲಿ ಬಿಗಿದರು. ಅಪ್ಪ ಬಾಗಿಲ ಕಡೆ ಮುಖ ತಿರುಗಿಸಿ ನಿಂತರು. ಸ್ವೆಟರ್ ಅಮ್ಮ ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿದರು. ಅಪಾಯ ಇದ್ದದ್ದು ಕತ್ತಿನಲ್ಲಿ. ಆ ಮರದ ಕಡ್ಡಿ ಪೀಠದಿಂದ ಹೊರಟು ಎದೆ, ಕತ್ತು ದಾಟಿ ತಲೆಯವರೆಗೆ ನಿಲ್ಲಬೇಕಿತ್ತು. ಅದನ್ನು ಕಡಿಯುವ ಹಾಗಿರಲಿಲ್ಲ. ಕತ್ತು ನನ್ನ ಮೂರು ಬೆರಳಿನಷ್ಟು ದಪ್ಪವಿತ್ತು. ಡ್ರಿಲ್ ಸ್ವಲ್ಪ ವಾಲಿದರೂ ಕತ್ತು ಸೀಳಿ ಹೊರಬರುತ್ತಿತ್ತು. ಹಾಗಾದರೆ ಈ ವಿಗ್ರಹವೂ ಇಲ್ಲ, ಆ ಗುರುವೂ ಇಲ್ಲ. ಎತ್ತಿದ ತೋಳು ಮತ್ತು ಕೆನ್ನೆಯ ನಡುವಿನ ಸಂದಿಯಲ್ಲಿ ದೊಡ್ಡವರ ಕೈ ಹೋಗುತ್ತಿರಲಿಲ್ಲ. ನನ್ನ ಕೈ ಹೋಯಿತು. ಕತ್ತಿನ ಮೇಲೆ ಬೆರಳಿಟ್ಟುಕೊಂಡಿರು, ಬಿಸಿಯಾದರೆ ಕೂಗು ಎಂದಳು ಅಕ್ಕ.

ಮಷೀನ್ ಶುರುವಾಯಿತು. ಕಂಚಿನ ಚೂರುಗಳು ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ಬಿದ್ದವು. ಸುಟ್ಟ ಎಣ್ಣೆಯ ವಾಸನೆ ತುಂಬಿಕೊಂಡಿತು. ಮಷೀನ್ ಮಾಮ ಮೇಲಿನಿಂದ ಸೋಪಿನ ನೀರು ಹನಿಸುತ್ತಾ ಮೊದಲು ದಪ್ಪ ಬೈರಿಗೆಯಿಂದ ಪೀಠ ಮತ್ತು ಹೊಟ್ಟೆಯನ್ನು ತೆರವು ಮಾಡಿದರು. ಆಮೇಲೆ ತೆಳುವಾದದ್ದು ಹಾಕಿ ಎದೆಗೆ ಇಳಿದರು. ನನ್ನ ಬೆರಳಿನ ತುದಿಯಲ್ಲಿ ಕಂಚು ಒಂದೇ ಸಮನೆ ನಡುಗುತ್ತಿತ್ತು. ಜ್ವರ ಬಂದವರ ಮೈ ಮುಟ್ಟಿದಂತೆ ಇತ್ತು. ಸದ್ದು ಹೆಚ್ಚಾದಾಗಲೆಲ್ಲ ಬಾಗಿಲ ಬಳಿ ಅಪ್ಪನ ಭುಜ ಕುಗ್ಗುತ್ತಿತ್ತು. ಹದಿಮೂರರ ಮಗ್ಗಿಗೆ ಕೆಲಸ ಮಾಡದ ಮಂತ್ರವನ್ನೇ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಎದೆ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಮಷೀನ್ ನರಳಿ ನಿಂತಿತು. ಬೈರಿಗೆ ಒಳಗೇ ಕಚ್ಚಿಕೊಂಡಿತ್ತು. ಮಷೀನ್ ಮಾಮ ಅದನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ತಿರುಗಿಸಿ, ಬೆವರು ಸುರಿಸಿಕೊಂಡು ಹೊರತೆಗೆದರು. ಸ್ವೆಟರ್ ಅಮ್ಮ ಬಂದು ಕಡ್ಡಿಯನ್ನು ಇಳಿಸಿ ನೋಡಿದರು. ನಾಲ್ಕು ಬೆರಳಿನಷ್ಟು ಹೊರಗೇ ಉಳಿಯಿತು. ಕತ್ತೂ ತಲೆಯೂ ಇನ್ನೂ ಗಟ್ಟಿಯಾಗಿಯೇ ಇದ್ದವು.

ಹೊರಗೆ ನೆರಳು ಕಾಲ ಬುಡಕ್ಕೆ ಬಂದಿತ್ತು. ಸ್ವೆಟರ್ ಅಮ್ಮ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ, "ಸಾಕು. ನೀವು ತುಂಬಾ ಮಾಡಿದ್ರಿ" ಎಂದರು. ಆ ಮಾತು ಕೇಳಿದ್ದೇ ಅಪ್ಪ ಬಾಗಿಲಿನಿಂದ ತಿರುಗಿದರು. ಗೋಡೆಗೆ ನೇತುಹಾಕಿದ್ದ ಕೈಡ್ರಿಲ್ ತೆಗೆದು, ಇದ್ದುದರಲ್ಲಿ ಉದ್ದನೆಯ ಬೈರಿಗೆಯನ್ನು ಅದಕ್ಕೆ ಸಿಕ್ಕಿಸಿದರು. ಕೊರೆಯಲು ಶುರುವಾದಾಗಿನಿಂದ ಒಮ್ಮೆಯೂ ನೋಡದಿದ್ದವರು ಈಗ ವಿಗ್ರಹದ ಮುಂದೆ ಮಂಡಿಯೂರಿ ಕುಳಿತರು.

"ನೇರ ಹೋಗ್ಬೇಡಪ್ಪ. ತಲೆ ವಾಲಿದೆ" ಎಂದಳು ಅಕ್ಕ.

"ಎಷ್ಟು?"

ಅಕ್ಕ ಅಳತೆ ಹಿಡಿದು ವಾಲಿಸಿರಲಿಲ್ಲ. ಮೇಣ ಮೆತ್ತಗಿದ್ದಾಗ ಹೆಬ್ಬೆರಳಿನಿಂದ ಒಂದು ಸಲ ಒತ್ತಿದ್ದಳು, ಅಷ್ಟೇ. ಅವಳು ಕಣ್ಣು ಮುಚ್ಚಿದಳು. ಕೈಯನ್ನು ಗಾಳಿಯಲ್ಲಿಟ್ಟು ಅದೇ ಮೇಣವನ್ನು ಮತ್ತೆ ಒತ್ತಿದಳು. ಆಮೇಲೆ ತನ್ನ ತಲೆಯನ್ನೇ ಮೆಲ್ಲಗೆ ಎಡಕ್ಕೆ ವಾಲಿಸಿ ಹಾಗೇ ನಿಂತಳು. ಅಪ್ಪ ಅವಳ ಕತ್ತನ್ನು ನೋಡಿದರು, ವಿಗ್ರಹವನ್ನು ನೋಡಿದರು, ಮತ್ತೆ ಅವಳ ಕತ್ತನ್ನು ನೋಡಿದರು. ಬೈರಿಗೆ ಒಳಗಿಟ್ಟು ತಿರುಗಿಸತೊಡಗಿದರು.

ಅಪ್ಪ ನಾಲ್ಕು ಸುತ್ತು ತಿರುಗಿಸಿ, ನಿಲ್ಲಿಸಿ, ಅಕ್ಕನ ಕಡೆ ನೋಡುತ್ತಿದ್ದರು. ಅಕ್ಕ ಕದಲಲಿಲ್ಲ. ಅವಳ ಕತ್ತಿನ ನರ ಉಬ್ಬಿ ಕಾಣುತ್ತಿತ್ತು, ಮೂಗಿನ ಮೇಲೆ ಕುಳಿತ ನೊಣವನ್ನೂ ಓಡಿಸಲಿಲ್ಲ. ನನ್ನ ಬೆರಳಿನ ಕೆಳಗೆ ಮೊದಲು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಯಾರೋ ಉಗುರಿನಿಂದ ಕೆರೆದಂತಾಯಿತು. ಕೆರೆತ ಹತ್ತಿರ ಬಂತು. ಒಂದು ಕಡೆ ಕಂಚು ಸುಡತೊಡಗಿ, ಎಳ್ಳಿನಷ್ಟು ಮೇಲೆದ್ದಂತಾಯಿತು.

"ನಿಲ್ಸಪ್ಪ" ಎಂದು ಕಿರುಚಿದೆ.

ಅಪ್ಪ ಕೈ ತೆಗೆದರು. ಅವರ ಬೆವರು ಪೀಠದ ಮೇಲೆ ತೊಟ್ಟಿಕ್ಕಿತು. ಯಾವ ಕಡೆ ಎಂದು ಕೇಳಿದರು. ಬಲಕ್ಕೆ, ಕಿವಿಯ ಕೆಳಗೆ ಎಂದೆ. ಅವರು ಬೈರಿಗೆಯನ್ನು ಹಿಂದೆ ತೆಗೆದು, ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿ ಮತ್ತೆ ಇಳಿಸಿದರು. ಸುಟ್ಟ ಬೆರಳನ್ನು ನಾನು ತೆಗೆಯಲಿಲ್ಲ. ತೆಗೆದರೆ ಎಲ್ಲ ಕೆಡುತ್ತದೆ ಎಂದು ನನಗೆ ಅನಿಸಿತ್ತು. ಕೆರೆತ ನನ್ನ ಬೆರಳಿನಿಂದ ದೂರ ಸರಿದು, ಆಳಕ್ಕೆ ಹೋಗಿ, ಕೇಳಿಸದಾಯಿತು. ಮತ್ತೆ ಕಡ್ಡಿ ಇಳಿಸಿದಾಗ ಅದು ಪೂರ್ತಿ ಒಳಗೆ ಹೋಗಿ, ತಲೆಯ ಒಳಗೆ ತಾಗಿ ಟಕ್ಕೆಂದಿತು. ಅಕ್ಕ ಆಮೇಲೆಯೇ ಕತ್ತು ನೇರ ಮಾಡಿದ್ದು. ಎರಡು ದಿನ ಅದರ ನೋವು ಹೋಗಲಿಲ್ಲ.

ಅಪ್ಪ ನೆಲದ ಮೇಲಿನ ಕಂಚಿನ ಚೂರುಗಳನ್ನೆಲ್ಲ ಬಳಿದು ಟವೆಲಿನಲ್ಲಿ ಕಟ್ಟಿಕೊಂಡರು. ಅಕ್ಕ ಕತ್ತಿಯನ್ನು ಅಪ್ಪನಿಗೆ ಕೊಟ್ಟಳು, ಮಷೀನ್ ಮಾಮ ತಮ್ಮ ಸ್ಕೂಟರಿನಲ್ಲಿ ಅವಳನ್ನು ಮನೆಗೆ ಬಿಟ್ಟರು. ಮಿಕ್ಕ ಮೂವರು ಬಸ್ಸಿಗೆ ಓಡಿದೆವು. ಬಸ್ಸಿನಲ್ಲಿ ಅಪ್ಪ ಗೋಣಿಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದಿದ್ದರು. ಪ್ರತಿ ನಿಲ್ದಾಣದಲ್ಲೂ ಜನ ಹತ್ತುವಾಗ ನನಗೆ ಎಲ್ಲರನ್ನೂ ಕೆಳಗೆ ತಳ್ಳಬೇಕೆನಿಸುತ್ತಿತ್ತು. ರಾಜಾಜಿನಗರದ ಆ ಮನೆಯ ಮುಂದೆ ಆಗಲೇ ಜಟಕಾ ಬಂದು ನಿಂತಿತ್ತು. ಗುರುಗಳ ಹಾಸಿಗೆಯ ಸುರುಳಿ ಅದರೊಳಗೆ ಇತ್ತು.

ಗುರುಗಳು ಹೊಸ್ತಿಲ ಮೇಲೆ ಚಪ್ಪಲಿ ಮೆಟ್ಟುತ್ತಿದ್ದರು. ಸ್ವೆಟರ್ ಅಮ್ಮ ಓಡಿಹೋಗಿ ಅವರ ಕಾಲ ಬಳಿ ಕುಳಿತು ಏನೋ ಹೇಳಿದರು. ಅವರು ಅಪ್ಪನನ್ನು ನೋಡಿದರು, ನನ್ನ ಬೊಬ್ಬೆ ಎದ್ದ ಬೆರಳನ್ನು ನೋಡಿದರು. ಚಪ್ಪಲಿ ಬಿಟ್ಟು ಒಳಗೆ ನಡೆದರು.

ಬೆಣ್ಣೆ ದೀಪದ ವಾಸನೆಯಿದ್ದ ಆ ಕೋಣೆಯಲ್ಲಿ ಅವರು ಮೊದಲು ಕಡ್ಡಿ ನಿಲ್ಲಿಸಿದರು. ಸುತ್ತ ಸುರುಳಿಗಳನ್ನು ಒತ್ತೊತ್ತಾಗಿ ಜೋಡಿಸಿದರು. ಕಾಳು ಹಾಕಿದರು. ಆಮೇಲೆ ಗಂಟು ಬಿಚ್ಚಿ ಆ ಬೂದು ಮಣ್ಣನ್ನು ಸುರಿದರು. ದಿನವಿಡೀ ಗಟ್ಟಿಯಾಗಿದ್ದ ಸ್ವೆಟರ್ ಅಮ್ಮ ಆಗ ಬಿಕ್ಕಿ ಬಿಕ್ಕಿ ಅತ್ತರು. ನನಗೂ ಅಳು ಬಂತು. ಅಪ್ಪ ಗೋಡೆ ನೋಡುತ್ತಿದ್ದರು.

ಆದರೂ ವಿಗ್ರಹದ ಹೊಟ್ಟೆ ತುಂಬಲಿಲ್ಲ. ಮಷೀನ್ ಮಾಮ ಧಾರಾಳವಾಗಿಯೇ ಕೊರೆದಿದ್ದರು. ಒಳಗೆ ಖಾಲಿ ಜಾಗ ಉಳಿಯಬಾರದು ಎಂದರು ಗುರುಗಳು. ಸ್ವೆಟರ್ ಅಮ್ಮ ಕಣ್ಣು ಒರೆಸಿಕೊಂಡು, ನಮ್ಮ ಗೋಣಿಚೀಲವನ್ನು ಎಳೆದುಕೊಂಡು ಅದರ ಮೂಲೆಗಳನ್ನು ಒಂದು ಹಾಳೆಯ ಮೇಲೆ ಕೊಡವಿದರು. ಷೆಡ್ಡಿನಲ್ಲಿ ಅಚ್ಚು ಒಡೆದಾಗ ಉದುರಿದ ಮಣ್ಣು ಅದರ ತುಂಬ ಇತ್ತು. ಇದ್ದಿಲಿಗೆ ಕಪ್ಪಾದ ಲಗ್ಗೆರೆಯ ಜೇಡಿಮಣ್ಣು.

ಅಪ್ಪ ನಾಚಿಕೊಂಡು, "ಅದು ಕಸ ಅಮ್ಮ, ಬೇಡ" ಎಂದರು.

"ಇವನು ಹುಟ್ಟಿದ್ದು ಇದರಲ್ಲೇ ಅಲ್ವಾ" ಎಂದರು ಸ್ವೆಟರ್ ಅಮ್ಮ. ಗುರುಗಳು ನಕ್ಕು ಆಗಲಿ ಎಂದು ತಲೆದೂಗಿದರು. ಆ ಕಪ್ಪು ಮಣ್ಣನ್ನು ಬೂದು ಮಣ್ಣಿನ ಮೇಲೆ ಸುರಿದು, ಹೆಬ್ಬೆರಳಿನಿಂದ ಒತ್ತಿ, ಪೀಠದ ಅಡಿಗೆ ತಾಮ್ರದ ತಗಡು ಮುಚ್ಚಿದರು. ಅಪ್ಪ ವಿಗ್ರಹವನ್ನು ನಿಲ್ಲಿಸಿ ಕತ್ತಿಯನ್ನು ಮತ್ತೆ ಕೈಗೆ ಸಿಕ್ಕಿಸಿದ ಮೇಲೆ ಗುರುಗಳು ಸಣ್ಣ ಕುಂಚದಿಂದ ಕಣ್ಣು ಬರೆದರು. ಮಂಜುಶ್ರೀ ನನ್ನನ್ನೇ ನೋಡಿದ. ಬಲಗಿವಿಯ ಕೆಳಗೆ ಎಳ್ಳಿನಷ್ಟು ಉಬ್ಬು ಹಾಗೇ ಉಳಿದಿತ್ತು. ಜಟಕಾ ಹೊರಟಾಗ ಸ್ವೆಟರ್ ಅಮ್ಮ ಅವನ ಮುಂದೆ ಕಣ್ಣು ಮುಚ್ಚಿ ಕುಳಿತಾಗಿತ್ತು. ನಾವು ಸದ್ದು ಮಾಡದೆ ಹೊರಬಂದೆವು. ಮರುವರ್ಷದ ಚಳಿಗಾಲಕ್ಕೆ ಅವರು ಬರಲಿಲ್ಲ. ಮಕ್ಕಳ ಜೊತೆ ಎಲ್ಲಿಗೋ ಹೋದರೆಂದು ಯಾರೋ ಹೇಳಿದರು.

ಈಗ ನನ್ನ ಮೊಮ್ಮಕ್ಕಳು ನಂದಿನಿ ಲೇಔಟಿನಲ್ಲಿ ನಾಲ್ಕನೇ ಮಹಡಿಯಲ್ಲಿ ಬೆಳೆಯುತ್ತಿದ್ದಾರೆ. ಹೋದ ತಿಂಗಳು ಮೊಮ್ಮಗ ಫೋನಿನಲ್ಲಿ ಬೆರಳಾಡಿಸಿ ಓದುವ ಮೇಜಿಗೆಂದು ಒಂದು ಮಂಜುಶ್ರೀ ತರಿಸಿದ. ಮರುದಿನವೇ ಡಬ್ಬಿಯಲ್ಲಿ ಬಂತು. ಅಂಗೈಯಗಲದ್ದು, ಹೂವಿನಷ್ಟು ಹಗುರ, ನೋಡಲು ಲಕ್ಷಣವಾಗಿಯೇ ಇದೆ. ಅದಕ್ಕೂ ಮೂಗು ಮುರಿಯುವ ಮುದುಕಿ ನಾನಲ್ಲ. ನಮ್ಮ ಕಾಲದಲ್ಲಿ ದೇವರೊಬ್ಬ ಮನೆಗೆ ಬರಬೇಕಾದರೆ ಒಂದು ತಿಂಗಳ ಹೊಗೆ ಕುಡಿಯಬೇಕಿತ್ತು, ಇವರಿಗೆ ಒಂದು ರಾತ್ರಿ ಸಾಕು. ಅವನು ಅದನ್ನು ತಿರುಗಿಸಿ ನೋಡಿ, ಅಡಿಯ ಅಂಟುಚೀಟಿ ಕಿತ್ತ. ಒಳಗೆ ಟೊಳ್ಳು. ಆಗ ಈ ಕಥೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವನೂ ಅವನ ತಂಗಿಯೂ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ನಮ್ಮ ಷೆಡ್ಡಿನ ಮಣ್ಣು ತಂದು ಇದಕ್ಕೆ ತುಂಬಬೇಕಂತೆ.

ಆಟೋ ಹಿಡಿದು ಲಗ್ಗೆರೆಗೆ ಹೋದೆವು. ಹೊಗೆ ನೋಡಿಕೊಂಡು ಮನೆ ಗುರುತಿಸುವ ಕಾಲ ಮುಗಿದಿದೆ, ಮೊಮ್ಮಗನ ಫೋನಿನ ನಕ್ಷೆಯೇ ದಾರಿ ತೋರಿಸಿತು. ಷೆಡ್ಡಿದ್ದ ಜಾಗದಲ್ಲಿ ಐದು ಅಂತಸ್ತಿನ ಬಾಡಿಗೆ ಮನೆಗಳು. ಕುಲುಮೆ ಇದ್ದಲ್ಲಿ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ನೆಲಕ್ಕೆಲ್ಲ ಸಿಮೆಂಟು, ಅದರ ಮೇಲೆ ಟೈಲ್ಸು. ಮೊಮ್ಮಗಳು ಚಮಚ ತಂದಿದ್ದಳು. ಕಾಂಪೌಂಡಿನ ಬುಡ, ಚರಂಡಿಯ ಅಂಚು, ಮೆಟ್ಟಿಲ ಸಂದಿ ಎಲ್ಲ ಕೆರೆದು ನೋಡಿದಳು. ಕಾವಲಿನವನು ಬಂದು, "ಏನ್ ಕಳ್ಕೊಂಡ್ರಿ ಅಜ್ಜಿ?" ಎಂದು ಕೇಳಿದ. ಏನಿಲ್ಲಪ್ಪ ಎಂದೆ.

ಆಟೋದಲ್ಲಿ ಹಿಂದಿರುಗುವಾಗ ಮೊಮ್ಮಗಳು ಖಾಲಿ ಚಮಚ ಹಿಡಿದುಕೊಂಡೇ ಕುಳಿತಿದ್ದಳು. "ಹಾಗಾದ್ರೆ ನಿಮ್ಮನೆ ಮಣ್ಣು ಎಲ್ಲೂ ಇಲ್ವಾ ಅಜ್ಜಿ?" ಎಂದಳು.

"ಇದೆ ಕಣೇ, ಸ್ವೆಟರ್ ಅಮ್ಮನ ಮನೇಲಿ" ಎಂದೆ.